ಸೆಲ್ ಕೌಂಟರ್‌ನ ಎಂಸಿವಿ ನಂಬಬಹುದಾ? ಫ್ಯಾಕ್ಟರ್ ಮುಟ್ಟುವ ಮುಂಚೆ ಮಾಡಬೇಕಾದ ತಪಾಸಣೆ, ಹಂತ ಹಂತವಾಗಿ

ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಸಣ್ಣ ಲ್ಯಾಬ್‌ಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಅರ್ಧದಷ್ಟು ಒಂದೇ ಥರ ಶುರುವಾಗುತ್ತವೆ. "ಸಾರ್, ಎಂಸಿವಿ ಜಾಸ್ತಿ ತೋರಿಸ್ತಿದೆ. ಫ್ಯಾಕ್ಟರ್ ಎಷ್ಟಕ್ಕೆ ಇಳಿಸ್ಲಿ?" ಫ್ಯಾಕ್ಟರ್ ಅಂದರೆ ಮೆಷಿನ್ ತಾನು ಅಳೆದದ್ದನ್ನು ತಿದ್ದಲು ಗುಣಿಸುವ ಸಂಖ್ಯೆ. ನಾನು ಪ್ರತಿ ಸಲ ಕೇಳುವುದೂ ಒಂದೇ: "ಡೈಲ್ಯುಯೆಂಟ್ ಕ್ಯಾನ್ ಯಾವತ್ತು ಬದಲಾಯಿಸಿದ್ರಿ?" ಅಲ್ಲಿಗೆ ಫೋನ್‌ನ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ.

ಎಂಸಿವಿ ಅಂದರೆ ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ, ಫೆಮ್ಟೋಲೀಟರ್ ಲೆಕ್ಕದಲ್ಲಿ. ದೊಡ್ಡವರಲ್ಲಿ 80ರಿಂದ 100ರೊಳಗೆ ಇರುತ್ತದೆ. ನಮ್ಮಲ್ಲಿರುವ ಹೆಚ್ಚಿನ ಸೆಲ್ ಕೌಂಟರ್‌ಗಳು, ಅಂದರೆ ರಕ್ತಕಣ ಎಣಿಸುವ ಮೆಷಿನ್‌ಗಳು, ಇದನ್ನು ಅಳೆಯುವ ರೀತಿ ಸರಳ. ಉಪ್ಪಿನ ನೀರಿನಂಥ ಡೈಲ್ಯುಯೆಂಟ್‌ನಲ್ಲಿ ತೇಲುವ ಕಣ ಒಂದು ಸಣ್ಣ ತೂತಿನ ಮೂಲಕ ಹೋಗುತ್ತದೆ. ಆ ತೂತಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಕಣ ಅಡ್ಡ ಬಂದಾಗ ಅದಕ್ಕೆ ತಡೆಯಾಗಿ ಒಂದು ಪಲ್ಸ್ ಏಳುತ್ತದೆ. ಕಣ ದೊಡ್ಡದಾದಷ್ಟೂ ಪಲ್ಸ್ ಎತ್ತರ. ಆದರೆ ಪಲ್ಸ್‌ನ ಎತ್ತರ ಬದಲಾಗಲು ಕಣವೇ ಬದಲಾಗಬೇಕಿಲ್ಲ. ತೂತು ಕಿರಿದಾದರೂ, ಡೈಲ್ಯುಯೆಂಟ್ ತೆಳುವಾದರೂ ಎತ್ತರ ಏರುತ್ತದೆ. ಅದಕ್ಕೇ ಈ ತಪಾಸಣೆಯಲ್ಲಿ ಏನು ಮಾಡಬೇಕು ಅನ್ನುವಷ್ಟೇ ಮುಖ್ಯ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ಕ್ಯಾಲಿಬ್ರೇಶನ್ ಮೆನು ಎಲ್ಲಕ್ಕಿಂತ ಕೊನೆಗೆ.

ಮೊದಲು ಇವನ್ನು ಜೋಡಿಸಿಕೊಳ್ಳಿ

ಅವಧಿ ಮೀರದ ಕಂಟ್ರೋಲ್ ಬ್ಲಡ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ರಕ್ತ), ಲೋ, ನಾರ್ಮಲ್, ಹೈ ಮೂರೂ. ರಕ್ತವನ್ನು ಜೋರಾಗಿ ತಿರುಗಿಸಿ ಕಣಗಳನ್ನು ಕೂರಿಸುವ ಮೈಕ್ರೋಹೆಮಟೋಕ್ರಿಟ್ ಸೆಂಟ್ರಿಫ್ಯೂಜ್, ಅದರ ರೀಡರ್, ನೀಲಿ ಗೆರೆಯ ಸಾದಾ ಕ್ಯಾಪಿಲರಿ (ಸಣ್ಣ ಗಾಜಿನ ನಳಿಕೆ). ಕೆಂಪು ಗೆರೆಯದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುತ್ತದೆ. ಅದೇ ಕೆಲಸದ ಇಡಿಟಿಎ ಮೊದಲೇ ಸೇರಿದ ರಕ್ತಕ್ಕೆ ಅದು ಬೇಡ. ಕ್ಯಾಪಿಲರಿ ಮುಚ್ಚುವ ಕ್ಲೇ, ಪ್ರೋಬ್ ಕ್ಲೀನರ್, ಕೋಣೆಯ ಉಷ್ಣಾಂಶ ನೋಡಲು ಥರ್ಮಾಮೀಟರ್, ಒಂದು ನೋಟ್‌ಬುಕ್. ಫ್ಯಾಕ್ಟರ್ ಹೊಂದಿಸಲು ಬಳಸುವ ಕ್ಯಾಲಿಬ್ರೇಟರ್ ಈಗಲೇ ತರಿಸಬೇಡಿ. ಅದರ ಆಯುಷ್ಯ ಕಮ್ಮಿ, ಬೆಲೆ ಜಾಸ್ತಿ. ಹತ್ತರಲ್ಲಿ ಏಳೆಂಟು ಸಲ ಅದು ಬೇಕಾಗುವುದೇ ಇಲ್ಲ.

ಸೆಂಟ್ರಿಫ್ಯೂಜ್ ಇಲ್ಲದಿದ್ದರೆ ಪಕ್ಕದ ಲ್ಯಾಬ್‌ನವರನ್ನು ಕೇಳಿ ಒಂದು ಮಧ್ಯಾಹ್ನದ ಮಟ್ಟಿಗೆ ತನ್ನಿ. ಅದಿಲ್ಲದೆ ಈ ಕೆಲಸ ಪೂರ್ತಿಯಾಗುವುದಿಲ್ಲ. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ತೊಂದರೆ ಒಬ್ಬರದಾ, ಎಲ್ಲರದಾ?

ಒಬ್ಬ ರೋಗಿಯ ಎಂಸಿವಿ ವಿಚಿತ್ರವಾಗಿ ಬಂದ ಮಾತ್ರಕ್ಕೆ ಮೆಷಿನ್ ಮೇಲೆ ಅನುಮಾನ ಪಡಬೇಡಿ. ಅದೇ ದಿನದ ಇನ್ನೊಂದು ಇಪ್ಪತ್ತು ರಿಪೋರ್ಟ್ ತೆಗೆದು ನೋಡಿ. ಅವೆಲ್ಲ ಎಂದಿನಂತಿದ್ದರೆ ತೊಂದರೆ ಆ ಟ್ಯೂಬ್‌ನಲ್ಲಿದೆ.

ಎಂಸಿವಿ ತುಂಬ ಮೇಲೆ, ಆರ್‌ಬಿಸಿ (ಕೆಂಪು ಕಣಗಳ ಎಣಿಕೆ) ತುಂಬ ಕೆಳಗೆ, ಎಂಸಿಎಚ್‌ಸಿ (ಕಣದೊಳಗಿನ ಹಿಮೋಗ್ಲೋಬಿನ್‌ನ ಸಾಂದ್ರತೆ) 37 ದಾಟಿದೆ ಅಂದರೆ ಕಣಗಳು ತಂಪಿಗೆ ಗುಂಪುಗಟ್ಟಿರಬಹುದು. ಇದನ್ನೇ ಕೋಲ್ಡ್ ಅಗ್ಲೂಟಿನಿನ್ ಅನ್ನುವುದು. ಎರಡು ಮೂರು ಕಣ ಅಂಟಿಕೊಂಡು ಬಂದರೆ ಮೆಷಿನ್‌ಗೆ ಅದು ಒಂದೇ ದೊಡ್ಡ ಕಣ. ಟ್ಯೂಬನ್ನು 37 ಡಿಗ್ರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟು, ತಣ್ಣಗಾಗಲು ಬಿಡದೆ ಕೂಡಲೇ ಓಡಿಸಿ. ಸಂಖ್ಯೆಗಳು ನೆಟ್ಟಗಾದರೆ ಉತ್ತರ ಸಿಕ್ಕಿತು.

ಇನ್ನೊಂದು, ಸಕ್ಕರೆ. ಮಂಡ್ಯಕ್ಕೆ ಸಕ್ಕರೆ ನಾಡು ಅಂತ ಹೆಸರು, ಸಕ್ಕರೆ ಕಾಯಿಲೆಯವರೂ ಲ್ಯಾಬ್‌ಗೆ ಕಮ್ಮಿ ಬರುವುದಿಲ್ಲ. ಗ್ಲೂಕೋಸ್ 600 ದಾಟಿದವರ ಕೆಂಪು ಕಣದ ಒಳಗೂ ಗ್ಲೂಕೋಸ್ ತುಂಬಿರುತ್ತದೆ. ಡೈಲ್ಯುಯೆಂಟ್‌ಗೆ ಬಿದ್ದ ಕೂಡಲೇ ಕಣ ನೀರು ಎಳೆದುಕೊಂಡು ಊದುತ್ತದೆ. ಎಂಸಿವಿ ಸುಳ್ಳು ಸುಳ್ಳೇ ಏರುತ್ತದೆ. ರಕ್ತವನ್ನು ಮೊದಲೇ ಡೈಲ್ಯುಯೆಂಟ್‌ನಲ್ಲಿ ಬೆರೆಸಿ ಕೆಲವು ನಿಮಿಷ ಬಿಟ್ಟು ಓಡಿಸಿದರೆ ಇಳಿಯುತ್ತದೆ.

ಟ್ಯೂಬ್ ಎಷ್ಟು ಹಳೆಯದು ಅಂತಲೂ ನೋಡಿ. ಬೆಳಿಗ್ಗೆ ಮಳವಳ್ಳಿಯ ಕಲೆಕ್ಷನ್ ಸೆಂಟರ್‌ನಲ್ಲಿ ತೆಗೆದ ರಕ್ತ ಬೈಕ್ ಬಾಕ್ಸ್‌ನಲ್ಲಿ ಬಿಸಿಲು ತಿಂದು ಸಂಜೆ ಮೈಸೂರು ತಲುಪಿದರೆ ಕಣ ಊದಿರುತ್ತದೆ. ಅದಕ್ಕೆ ಮೆಷಿನ್ ಏನು ಮಾಡೀತು?

ಎಲ್ಲರದೂ ಒಂದೇ ದಿಕ್ಕಿಗೆ ಸರಿದಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಹಂತ 2: ಈಗಿನ ಫ್ಯಾಕ್ಟರ್ ಬರೆದಿಡಿ, ಕೈ ಹಿಂದೆ ಕಟ್ಟಿಕೊಳ್ಳಿ

ಕ್ಯಾಲಿಬ್ರೇಶನ್ ಮೆನು ತೆರೆದು ಆರ್‌ಬಿಸಿ, ಎಂಸಿವಿ, ಹಿಮೋಗ್ಲೋಬಿನ್ ಫ್ಯಾಕ್ಟರ್‌ಗಳನ್ನು ನೋಟ್‌ಬುಕ್‌ಗೆ ಇಳಿಸಿ. ಸ್ಕ್ರೀನ್‌ನ ಫೋಟೋನೂ ತೆಗೆದುಕೊಳ್ಳಿ. ಆಮೇಲೆ ಮೆನು ಮುಚ್ಚಿ. ಹಳೇ ಸಂಖ್ಯೆ ಎಲ್ಲೂ ಬರೆದಿರದ ಲ್ಯಾಬ್‌ನಲ್ಲಿ ಯಾರೋ ಒಮ್ಮೆ ಬದಲಿಸಿದ್ದನ್ನು ವಾಪಸ್ ತರುವುದು ದೊಡ್ಡ ತಲೆನೋವು.

ಹಂತ 3: ಡೈಲ್ಯುಯೆಂಟ್ ಕ್ಯಾನ್

ಇಲ್ಲಿ ನಿಧಾನವಾಗಿ ನೋಡಿ. ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಪಾಲು ಈ ಇಪ್ಪತ್ತು ಲೀಟರ್ ಕ್ಯಾನ್‌ನಲ್ಲೇ ಇರುತ್ತವೆ.

ಒಂದು ಸಲ ಮಂಡ್ಯದ ಹತ್ತಿರದ ಒಂದು ಲ್ಯಾಬ್‌ಗೆ ಹೋಗಿದ್ದೆ. ಊರಿನ ಹೆಸರು ಬೇಡ. ನಾರ್ಮಲ್ ಕಂಟ್ರೋಲ್‌ನ ಎಂಸಿವಿ 88 ಬರಬೇಕಿತ್ತು, ಶನಿವಾರ 92 ಬಂದಿತ್ತು. ಟೆಕ್ನಿಷಿಯನ್ ಹುಡುಗ ಫ್ಯಾಕ್ಟರ್ ಇಳಿಸಿ 88ಕ್ಕೆ ತಂದು ನಿಲ್ಲಿಸಿದ. ಖುಷಿಯಾಯಿತು. ಸೋಮವಾರ ಮೈಸೂರಿನಿಂದ ಹೊಸ ಕ್ಯಾನ್ ಬಂತು, ಹಾಕಿದ. ಕಂಟ್ರೋಲ್ 84. ಮತ್ತೆ ಫ್ಯಾಕ್ಟರ್ ಏರಿಸಲು ಹೊರಟಾಗ ನನಗೆ ಫೋನ್ ಮಾಡಿದ. ಹೋಗಿ ನೋಡಿದರೆ ಹಳೇ ಕ್ಯಾನ್ ಬಾಗಿಲ ಹಿಂದೆ ಇನ್ನೂ ಇತ್ತು, ಪಕ್ಕದಲ್ಲಿ ಖಾಲಿ ಡಿಸ್ಟಿಲ್ಡ್ ವಾಟರ್ ಬಾಟಲಿ. "ಸೋಮವಾರದ ತನಕ ಬರಲಿ ಅಂತ ಸ್ವಲ್ಪ ಹಾಕ್ದೆ ಸಾರ್, ಅದೂ ಶುದ್ಧ ನೀರೇ ಅಲ್ವಾ?" ಶುದ್ಧವೇ. ಅದೇ ತೊಂದರೆ. ನೀರು ಸೇರಿದರೆ ಡೈಲ್ಯುಯೆಂಟ್‌ನ ಉಪ್ಪು ತೆಳುವಾಗಿ ಕಣ ಊದುತ್ತದೆ. ಕರೆಂಟ್ ಹರಿಯುವುದೂ ಕಮ್ಮಿಯಾಗಿ ಪಲ್ಸ್ ಏರುತ್ತದೆ. ಎರಡೂ ಸೇರಿ ಎಂಸಿವಿಯನ್ನು ಒಂದೇ ಕಡೆಗೆ, ಮೇಲಕ್ಕೆ ತಳ್ಳುತ್ತವೆ.

ಉಲ್ಟಾ ಕೇಸೂ ಇದೆ. ಕ್ಯಾನ್‌ನ ಮುಚ್ಚಳ ಸಡಿಲವಾಗಿದ್ದು, ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ವಾರಗಟ್ಟಲೆ ಇದ್ದರೆ ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ಆಗ ಕಣ ಮುದುಡಿ ಎಂಸಿವಿ ದಿನದಿನಕ್ಕೆ ಚೂರುಚೂರೇ ಇಳಿಯುತ್ತದೆ.

ಆದ್ದರಿಂದ ಹೀಗೆ ನೋಡಿ. ಕ್ಯಾನ್ ತೆರೆದ ದಿನಾಂಕ ಮೇಲೆ ಬರೆದಿದೆಯಾ? ಲಾಟ್ ನಂಬರ್ ಬದಲಾದ ದಿನವೇ ಎಂಸಿವಿ ಜಿಗಿದಿದೆಯಾ? ಬೇರೆ ಕಂಪನಿಯ ಅಗ್ಗದ ಡೈಲ್ಯುಯೆಂಟ್ ಹಾಕಿದ್ದೀರಾ? ಹಳೇ ಕ್ಯಾನ್‌ನ ತಳದಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿದಿದ್ದೀರಾ? ಕೊನೆಯದಂತೂ ಬೇಡವೇ ಬೇಡ. ಅನುಮಾನ ಇದ್ದರೆ ಸೀಲ್ ಒಡೆಯದ ಕ್ಯಾನ್ ಹಾಕಿ, ಎರಡು ಮೂರು ಸಲ ಪ್ರೈಮ್ ಮಾಡಿ (ಕೊಳವೆಗಳಿಗೆ ಹೊಸ ಡೈಲ್ಯುಯೆಂಟ್ ತುಂಬಿಸಿ), ಕಂಟ್ರೋಲ್ ಓಡಿಸಿ. ಹೊಸ ಕ್ಯಾನ್ ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಒಂದು ರಾತ್ರಿ ಮೆಷಿನ್ ಪಕ್ಕ ಇಡಿ. ಸಾಮಾನ್ಯವಾಗಿ ಮೆಷಿನ್‌ಗಳು ಕೇಳುವುದು 15ರಿಂದ 30 ಡಿಗ್ರಿ. ಏಪ್ರಿಲ್‌ನಲ್ಲಿ ಶೀಟ್ ಮನೆಯ ಲ್ಯಾಬ್‌ನೊಳಗೆ 30 ದಾಟುವುದು ಸಲೀಸು. ಥರ್ಮಾಮೀಟರ್ ಗೋಡೆಗೆ ಹಾಕಿದರೆ ಸಾಲದು, ಅದನ್ನು ನೋಡಲೂಬೇಕು.

ಹಂತ 4: ಬ್ಯಾಕ್‌ಗ್ರೌಂಡ್

ರಕ್ತವಿಲ್ಲದೆ ಬರೀ ಡೈಲ್ಯುಯೆಂಟ್ ಓಡಿಸಿ. ಕಣವೇ ಇಲ್ಲದ ನೀರಿನಲ್ಲಿ ಮೆಷಿನ್ ಎಷ್ಟು ಎಣಿಸುತ್ತದೆ ಅನ್ನುವುದು ಬ್ಯಾಕ್‌ಗ್ರೌಂಡ್. ಎಷ್ಟರೊಳಗೆ ಇರಬೇಕು ಅನ್ನುವುದು ನಿಮ್ಮ ಮೆಷಿನ್‌ನ ಕೈಪಿಡಿಯಲ್ಲಿದೆ. ಪ್ಲೇಟ್‌ಲೆಟ್‌ಗೆ ಸಾಮಾನ್ಯವಾಗಿ 10 ಸಾವಿರದೊಳಗೆ.

ಆರ್‌ಬಿಸಿ, ಪ್ಲೇಟ್‌ಲೆಟ್ ಎರಡೂ ಏರಿದ್ದರೆ ಕೊಳೆ ಇರಬಹುದು. ಪ್ಲೇಟ್‌ಲೆಟ್ ಮಾತ್ರ ಒಮ್ಮೆ 3 ಸಾವಿರ, ಒಮ್ಮೆ 40 ಸಾವಿರ ಅಂತ ಕುಣಿಯುತ್ತಿದ್ದರೆ ಕರೆಂಟ್ ಲೈನ್ ನೋಡಿ. ಈ ಮೆಷಿನ್ ಅಳೆಯುವುದೇ ಸಣ್ಣ ವಿದ್ಯುತ್ ಪಲ್ಸ್ ಅಲ್ವಾ? ಫ್ರಿಜ್‌ನ ಕಂಪ್ರೆಸರ್ ಅದೇ ಬೋರ್ಡ್‌ನಲ್ಲಿದ್ದರೆ, ಅರ್ತಿಂಗ್ ಸರಿ ಇಲ್ಲದಿದ್ದರೆ, ಆ ಗದ್ದಲವನ್ನೂ ಅದು ಕಣ ಅಂತ ಎಣಿಸುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ. ಮೆಷಿನ್ ಇರುವ ಟೇಬಲ್ ಮೇಲೆ ಸೆಂಟ್ರಿಫ್ಯೂಜ್ ಇಡಬೇಡಿ.

ಹಂತ 5: ತೂತು ತೊಳೆಯಿರಿ, ಆಮೇಲೆ ಒಂದೇ ಸ್ಯಾಂಪಲ್ ಹತ್ತು ಸಲ

ಅಪರ್ಚರ್ ಅನ್ನುವ ಆ ತೂತು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಪಾಲು, ಕೆಲವು ಮೆಷಿನ್‌ಗಳಲ್ಲಿ ಅದಕ್ಕಿಂತ ಕಿರಿದು. ಅಲ್ಲಿ ರಕ್ತದ ಪ್ರೋಟೀನ್ ಪದರ ಕಟ್ಟಿದರೆ ದಾರಿ ಇನ್ನೂ ಕಿರಿದಾಗುತ್ತದೆ. ಕಿರಿದಾದ ತೂತಿನಲ್ಲಿ ಅದೇ ಕಣ ಜಾಸ್ತಿ ಜಾಗ ತಡೆಯುತ್ತದೆ. ಪಲ್ಸ್ ದೊಡ್ಡದು, ಎಂಸಿವಿ ಮೇಲೆ. ಹರಿವು ಕಮ್ಮಿ, ಎಣಿಕೆ ಕೆಳಗೆ. ಎಂಸಿವಿ ಏರಿ ಆರ್‌ಬಿಸಿ ಇಳಿದಿದೆ, ಎಣಿಕೆಯ ಸಮಯವೂ ಉದ್ದವಾಗಿದೆ ಅಂದರೆ ಮೊದಲ ಅನುಮಾನ ಇದರ ಮೇಲೆ. ಕ್ಲಾಗ್ ಅಲಾರಂ ಬರುವವರೆಗೆ ಕಾಯಬೇಡಿ. ಅರ್ಧ ಕಟ್ಟಿದ ತೂತಿಗೆ ಎಷ್ಟೋ ಸಲ ಅಲಾರಂ ಬರುವುದಿಲ್ಲ.

ಕೈಪಿಡಿಯಲ್ಲಿರುವಂತೆ ಬ್ಯಾಕ್‌ಫ್ಲಶ್ ಮಾಡಿ, ಪ್ರೋಬ್ ಕ್ಲೀನರ್‌ನಲ್ಲಿ ನೆನೆಸಿ, ಬ್ಯಾಕ್‌ಗ್ರೌಂಡ್ ಮತ್ತೆ ನೋಡಿ. ಸೂಜಿ, ಪಿನ್ನು, ತಂತಿ ಏನನ್ನೂ ಹಾಕಬೇಡಿ. ತೂತಿನ ಅಂಚು ಚೂರು ಮುಕ್ಕಾದರೂ ಆ ಭಾಗವನ್ನೇ ಬದಲಿಸಬೇಕಾಗುತ್ತದೆ.

ಈಗ ನಾರ್ಮಲ್ ಇರುವ ಒಬ್ಬರ ತಾಜಾ ರಕ್ತ ತೆಗೆದುಕೊಂಡು ಹನ್ನೊಂದು ಸಲ ಓಡಿಸಿ. ಮೊದಲನೆಯದನ್ನು ಬಿಡಿ, ಉಳಿದ ಹತ್ತರ ಸರಾಸರಿ ಮತ್ತು ಎಸ್‌ಡಿ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ) ತೆಗೆಯಿರಿ. ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿವಿ. ಸರಾಸರಿ 86.2, ಎಸ್‌ಡಿ 0.4 ಇದ್ದರೆ ಸಿವಿ 0.46 ಶೇಕಡಾ, ಒಳ್ಳೆಯದು. ಎಂಸಿವಿಗೆ ಶೇಕಡಾ 1 ದಾಟಿದರೆ ಅಲ್ಲೇ ನಿಲ್ಲಿ. ಒಂದೇ ಸ್ಯಾಂಪಲ್‌ಗೆ ಒಂದೊಂದು ಸಲ ಒಂದೊಂದು ಉತ್ತರ ಕೊಡುವ ಮೆಷಿನ್‌ನ ಉತ್ತರ ಸರಿಯಾ ತಪ್ಪಾ ಅಂತ ತೂಗಿ ನೋಡುವುದು ಹೇಗೆ?

ಸಂಖ್ಯೆಗಳು ಬಂದ ರೀತಿಯೂ ಕಥೆ ಹೇಳುತ್ತದೆ. ಮೊದಲಿಂದ ಕೊನೆಗೆ ಏರುತ್ತಲೇ ಹೋದರೆ ತೂತು ಕಟ್ಟುತ್ತಿದೆ. ಅತ್ತಿತ್ತ ಜಿಗಿದರೆ ಮಿಕ್ಸ್ ಸರಿಯಾಗಿಲ್ಲ, ಇಲ್ಲವೇ ಗುಳ್ಳೆ ಬರುತ್ತಿದೆ. ಮೊದಲನೆಯದು ಮಾತ್ರ ಬೇರೆ ಇದ್ದರೆ ಹಿಂದಿನ ಸ್ಯಾಂಪಲ್ ಉಳಿದುಕೊಂಡಿರಬಹುದು. ಓಡಿಸುವ ಮುಂಚೆ ಪ್ರತಿ ಸಲವೂ ಟ್ಯೂಬನ್ನು ಎಂಟು ಹತ್ತು ಬಾರಿ ತಲೆಕೆಳಗೆ ಮಾಡಿ, ಮೆಲ್ಲಗೆ. ಎಳನೀರಿನ ಬಾಟಲಿ ಅಲುಗಿಸಿದಂತೆ ಕುಲುಕಬೇಡಿ.

ಹಂತ 6: ಸೆಂಟ್ರಿಫ್ಯೂಜ್‌ನಲ್ಲಿ ಪಿಸಿವಿ, ಹೊರಗಿನ ಸಾಕ್ಷಿ

ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ ಲೆಕ್ಕದಲ್ಲಿ. ಬಹಳ ಜನ ಮಾಡುವ ತಪ್ಪು ಇದು. ಪ್ರಿಂಟ್‌ಔಟ್‌ನಲ್ಲಿರುವ ಪಿಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ 10ರಿಂದ ಗುಣಿಸುತ್ತಾರೆ. ಎಂಸಿವಿ ಕರೆಕ್ಟಾಗಿ ಹೊಂದುತ್ತದೆ. "ಮೆಷಿನ್ ಸರಿ ಇದೆ" ಅಂತ ಬರೆದುಬಿಡುತ್ತಾರೆ. ಹೊಂದದೆ ಇನ್ನೇನು? ಮೆಷಿನ್ ಆ ಪಿಸಿವಿಯನ್ನು ಅಳೆದದ್ದಲ್ಲ, ಎಂಸಿವಿ ಮತ್ತು ಆರ್‌ಬಿಸಿಯನ್ನು ಗುಣಿಸಿ ಹೇಳಿದ್ದು. ಕೆಲವು ಮೆಷಿನ್‌ಗಳಲ್ಲಿ ಲೆಕ್ಕ ತಿರುವುಮುರುವು. ಪಿಸಿವಿ ಮೊದಲು, ಎಂಸಿವಿ ಆಮೇಲೆ. ಆದರೂ ಎರಡೂ ಹುಟ್ಟುವುದು ಅದೇ ಪಲ್ಸ್‌ಗಳಿಂದ. ಕಳ್ಳನ ಸಾಕ್ಷಿಗೆ ಅವನ ತಮ್ಮನನ್ನೇ ಕರೆದಂತಾಯಿತು.

ಅದಕ್ಕೇ ಪಿಸಿವಿಯನ್ನು ಮೆಷಿನ್‌ನ ಹೊರಗೆ ಅಳೆಯಬೇಕು. ಹಿಮೋಗ್ಲೋಬಿನ್, ಎಂಸಿವಿ ಎರಡೂ ನಾರ್ಮಲ್ ಇರುವ ಐದು ತಾಜಾ ಸ್ಯಾಂಪಲ್ ಆರಿಸಿ, ತೆಗೆದು ನಾಲ್ಕು ಗಂಟೆಯೊಳಗಿನವು. ಟ್ಯೂಬ್ ಗೆರೆಯ ತನಕ ತುಂಬಿರಬೇಕು. ಅರ್ಧ ತುಂಬಿದ್ದರೆ ಇಡಿಟಿಎ ಜಾಸ್ತಿಯಾಗಿ ಕಣ ಕುಗ್ಗುತ್ತದೆ, ಸೆಂಟ್ರಿಫ್ಯೂಜ್‌ನ ಪಿಸಿವಿ ಸುಳ್ಳೇ ಇಳಿಯುತ್ತದೆ. ಕಬ್ಬಿಣ ಕೊರತೆಯವರ ಸಣ್ಣ ಕಣ, ಸಿಕಲ್ ಸೆಲ್ (ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಇರುವವರ ಕಣ ಗಟ್ಟಿಯಾಗಿ ಕೂರುವುದಿಲ್ಲ, ನಡುವೆ ಪ್ಲಾಸ್ಮಾ ಉಳಿಯುತ್ತದೆ. ಸಿಕಲ್ ಸೆಲ್ ಕಾಣಸಿಗುವ ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಸ್ಯಾಂಪಲ್ ಬರುವ ಲ್ಯಾಬ್‌ನವರು ಇದನ್ನು ನೆನಪಿಡಿ. ಅಂಥವು ಈ ತಪಾಸಣೆಗೆ ಬೇಡ.

ಮೊದಲು ಮೆಷಿನ್‌ನಲ್ಲಿ ಪ್ರತಿ ಸ್ಯಾಂಪಲ್ ಎರಡು ಸಲ ಓಡಿಸಿ. ಕೂಡಲೇ ಒಂದೊಂದರಿಂದಲೂ ಎರಡೆರಡು ಕ್ಯಾಪಿಲರಿ ಮುಕ್ಕಾಲು ಭಾಗ ತುಂಬಿ. ಹೊರಗಡೆ ಒರೆಸಿ, ಒಂದು ತುದಿ ಕ್ಲೇಯಿಂದ ಮುಚ್ಚಿ. ಮುಚ್ಚಿದ ತುದಿ ಹೊರಕ್ಕೆ ಬರುವಂತೆ ಜೋಡಿಸಿ 10,000ದಿಂದ 12,000 ಜಿ ವೇಗದಲ್ಲಿ ಐದು ನಿಮಿಷ ತಿರುಗಿಸಿ. ಓದಿ ಬರೆದುಕೊಳ್ಳಿ. ಆಮೇಲೆ ಇನ್ನೂ ಐದು ನಿಮಿಷ ತಿರುಗಿಸಿ ಮತ್ತೆ ಓದಿ. ಎರಡನೇ ಸಲ ಇನ್ನೂ ಇಳಿದರೆ ಸೆಂಟ್ರಿಫ್ಯೂಜ್‌ಗೆ ವೇಗ ಸಾಲುತ್ತಿಲ್ಲ ಅಂತ ಅರ್ಥ. ವೋಲ್ಟೇಜ್ ಕಮ್ಮಿ ಇರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಅದನ್ನು ಸರಿ ಮಾಡಿಸದೆ ಮುಂದೆ ಹೋದರೆ ಕುಂಟನ ಜೊತೆ ಓಟ ಕಟ್ಟಿದಂತೆ.

ಓದುವಾಗ ಕ್ಲೇಯ ಮೇಲಂಚಿನಿಂದ ಕೆಂಪು ಪದರದ ತುದಿಯವರೆಗೆ ಮಾತ್ರ. ಮೇಲಿನ ಬಿಳಿ ಬಫಿ ಕೋಟ್ ಲೆಕ್ಕಕ್ಕಿಲ್ಲ. ಜೋಡಿ ಕ್ಯಾಪಿಲರಿಗಳ ನಡುವೆ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಮಾಡಿ. ತಿರುಗಿಸಿದ ಮೇಲೆ ಟೀ ಕುಡಿಯಲು ಹೋಗಬೇಡಿ. ಕ್ಯಾಪಿಲರಿ ಅಡ್ಡ ಮಲಗಿದ್ದಷ್ಟು ಹೊತ್ತೂ ಪದರ ಓರೆಯಾಗುತ್ತದೆ.

ಒಂದು ಉದಾಹರಣೆ. ಮೆಷಿನ್ ಹೇಳಿದ್ದು: ಆರ್‌ಬಿಸಿ 4.80, ಎಂಸಿವಿ 92.1, ಪಿಸಿವಿ 44.2, ಹಿಮೋಗ್ಲೋಬಿನ್ 14.0. ಎರಡು ಕ್ಯಾಪಿಲರಿಯಲ್ಲೂ ಪಿಸಿವಿ 42. ಹಾಗಾದರೆ ಎಂಸಿವಿ 42 ಭಾಗಿಸು 4.80, ಗುಣಿಸು 10, ಅಂದರೆ 87.5. ಮೆಷಿನ್ 4.6 ಜಾಸ್ತಿ ಹೇಳುತ್ತಿದೆ. ನಿಜಕ್ಕೂ ತಪ್ಪು ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಯಾಕೆಂದರೆ ಕ್ಯಾಪಿಲರಿಯ ಕಣಗಳ ನಡುವೆ ಶೇಕಡಾ 1ರಿಂದ 3ರಷ್ಟು ಪ್ಲಾಸ್ಮಾ ಸಿಕ್ಕಿಹಾಕಿಕೊಂಡು, ಸೆಂಟ್ರಿಫ್ಯೂಜ್‌ನ ಪಿಸಿವಿ ಸಾಮಾನ್ಯವಾಗಿ ಮೆಷಿನ್‌ನದಕ್ಕಿಂತ ತುಸು ಮೇಲೇ ಇರಬೇಕು. ಇಲ್ಲಿ ಕೆಳಗಿದೆ.

ಇನ್ನೊಬ್ಬ ಸಾಕ್ಷಿ ಹಿಮೋಗ್ಲೋಬಿನ್. ಅದನ್ನು ಮೆಷಿನ್ ಕಣ ಒಡೆದು ಬಣ್ಣದಿಂದ ಅಳೆಯುತ್ತದೆ, ಪಲ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. 14.0ಯನ್ನು 44.2ರಿಂದ ಭಾಗಿಸಿ 100ರಿಂದ ಗುಣಿಸಿದರೆ ಎಂಸಿಎಚ್‌ಸಿ 31.7. ಹಾಗೇ 42ರಿಂದ ಭಾಗಿಸಿದರೆ 33.3. ಎರಡನೆಯದೇ ಆರೋಗ್ಯವಂತರ ರಕ್ತಕ್ಕೆ ಒಪ್ಪುವಂತಿದೆ. ಐದಕ್ಕೆ ಐದೂ ಹೀಗೇ ಬಂದರೆ ಮೆಷಿನ್ ಗಾತ್ರವನ್ನು ಹಿಗ್ಗಿಸಿ ಹೇಳುತ್ತಿದೆ ಅಂತ ನಂಬಬಹುದು. ಒಂದೆರಡು ಮಾತ್ರ ಹೀಗೆ ಬಂದರೆ ಮೊದಲು ನಿಮ್ಮ ಕೈ ಕೆಲಸ ನೋಡಿಕೊಳ್ಳಿ.

ಹಂತ 7: ರೋಗಿಗಳ ಸರಾಸರಿ

ಕಂಟ್ರೋಲ್ ಬ್ಲಡ್‌ನ ಕಣಗಳು ಹಾಳಾಗದಂತೆ ಸಂಸ್ಕರಿಸಿದವು. ಡೈಲ್ಯುಯೆಂಟ್‌ನ ಏರುಪೇರಿಗೆ ಅವು ತಾಜಾ ಕಣದಷ್ಟು ಸ್ಪಂದಿಸದೇ ಇರಬಹುದು. ಹಾಗಾಗಿ ಕಂಟ್ರೋಲ್ ಮಿತಿಯೊಳಗಿದ್ದು ರೋಗಿಗಳ ರಿಪೋರ್ಟ್ ಸರಿದಿರುವ ಸಂದರ್ಭವೂ ಬರುತ್ತದೆ. ಪ್ರತಿ 20 ರೋಗಿಗಳ ಎಂಸಿವಿ ಸರಾಸರಿ ಬರೆದಿಡಿ. ಅದು ನಿಮ್ಮ ಲ್ಯಾಬ್‌ನ ಮಾಮೂಲಿ ಸರಾಸರಿಗಿಂತ ಶೇಕಡಾ 3ಕ್ಕೂ ಜಾಸ್ತಿ ಸರಿದು, ಮೂರು ಗುಂಪುಗಳಲ್ಲಿ ಹಾಗೇ ಉಳಿದರೆ ಎಚ್ಚರವಾಗಿ. ಪುಸ್ತಕದ ಸರಾಸರಿ ಬಳಸಬೇಡಿ. ನಮ್ಮ ಕಡೆ ರಕ್ತಹೀನತೆಯ ಹೆಣ್ಣುಮಕ್ಕಳು ಜಾಸ್ತಿ ಬರುವ ಲ್ಯಾಬ್‌ನಲ್ಲಿ ಸರಾಸರಿ ಸಹಜವಾಗಿಯೇ ಕೆಳಗಿರುತ್ತದೆ. ತಾಯಂದಿರ ತಪಾಸಣೆ ಶಿಬಿರದ ದಿನದ ರಿಪೋರ್ಟ್‌ಗಳನ್ನು ಈ ಲೆಕ್ಕದಿಂದ ಹೊರಗಿಡಿ.

ಹಂತ 8: ಈಗ ಕ್ಯಾಲಿಬ್ರೇಟರ್

ಮೇಲಿನದೆಲ್ಲ ಸರಿಯಿದ್ದೂ ಎಂಸಿವಿ ತಪ್ಪುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಕಂಟ್ರೋಲ್ ಬೇರೆ, ಕ್ಯಾಲಿಬ್ರೇಟರ್ ಬೇರೆ. ಕಂಟ್ರೋಲ್‌ನ ಚೀಟಿಯಲ್ಲಿರುವ ನಡುಸಂಖ್ಯೆಗೆ ಮೆಷಿನ್ ಹೊಂದಿಸುವುದು ದೊಡ್ಡ ತಪ್ಪು. ನಿಮ್ಮ ಮಾಡೆಲ್‌ಗೆ ಅಂತಲೇ ಸಂಖ್ಯೆ ನಿಗದಿ ಮಾಡಿದ ಕ್ಯಾಲಿಬ್ರೇಟರ್ ಬೇಕು.

ಫ್ರಿಜ್‌ನಿಂದ ತೆಗೆದು ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಹೊರಗಿಟ್ಟು, ಅಂಗೈಯಲ್ಲಿ ಉರುಳಿಸಿ, ತಲೆಕೆಳಗೆ ಮಾಡಿ ಬೆರೆಸಿ. ಹನ್ನೊಂದು ಸಲ ಓಡಿಸಿ, ಮೊದಲನೆಯದು ಬಿಡಿ. ಚೀಟಿಯಲ್ಲಿರುವ ಎಂಸಿವಿ 89.0, ನಿಮ್ಮ ಹತ್ತರ ಸರಾಸರಿ 86.6, ಹಳೇ ಫ್ಯಾಕ್ಟರ್ 1.010 ಅಂದುಕೊಳ್ಳಿ. 1.010 ಗುಣಿಸು 89.0, ಭಾಗಿಸು 86.6. ಹೊಸ ಫ್ಯಾಕ್ಟರ್ 1.038. ವ್ಯತ್ಯಾಸ ಶೇಕಡಾ 1ರೊಳಗಿದ್ದರೆ ಹಾಗೇ ಬಿಡಿ. ಶೇಕಡಾ 5 ದಾಟಿದರೆ ನೀವಾಗಿಯೇ ಬದಲಿಸಬೇಡಿ. ಅಷ್ಟು ದೂರ ಸರಿದಿದೆ ಅಂದರೆ ಒಳಗೆ ಏನೋ ಕೆಟ್ಟಿದೆ, ಇಂಜಿನಿಯರ್ ಬರಲಿ.

ಲೇಟೆಕ್ಸ್ ಗುಂಡುಗಳಿಂದ ಮಾಡಬಹುದಾ?

ಕಾಲೇಜು ಲ್ಯಾಬ್‌ನವರು ಇದನ್ನು ತುಂಬ ಕೇಳುತ್ತಾರೆ. ಪುಡಿ, ಬಣ್ಣ, ಲೋಷನ್‌ಗಳ ಕಣ ಅಳೆಯುವ ಕೌಂಟರ್‌ಗಳಿಗೆ ಅದೇ ಸರಿಯಾದ ದಾರಿ. ವ್ಯಾಸ ಗೊತ್ತಿರುವ ಪಾಲಿಸ್ಟೈರಿನ್ ಗುಂಡು ಓಡಿಸುವುದು. ವ್ಯಾಸ ಗುಣಿಸು ವ್ಯಾಸ ಗುಣಿಸು ವ್ಯಾಸ, ಅದನ್ನು 0.5236ರಿಂದ ಗುಣಿಸಿದರೆ ಗಾತ್ರ. 5 ಮೈಕ್ರಾನ್ ಗುಂಡಿಗೆ 65.4 ಫೆಮ್ಟೋಲೀಟರ್. 5.1 ಆದರೆ 69.5. ವ್ಯಾಸದಲ್ಲಿ ಶೇಕಡಾ 2 ತಪ್ಪಿದರೆ ಗಾತ್ರದಲ್ಲಿ 6 ತಪ್ಪುತ್ತದೆ. ಬಾಟಲಿಯ ಮೇಲಿನ ದುಂಡು ಸಂಖ್ಯೆ ನಂಬದೆ, ಆ ಲಾಟ್‌ನ ಸರ್ಟಿಫಿಕೇಟ್‌ನಲ್ಲಿರುವ ವ್ಯಾಸವನ್ನೇ ತೆಗೆದುಕೊಳ್ಳಿ. ಗುಂಡಿನ ವ್ಯಾಸ ತೂತಿನ ವ್ಯಾಸದ ಶೇಕಡಾ 2ರಿಂದ 60ರೊಳಗೆ ಇರಲಿ.

ರಕ್ತದ ಮೆಷಿನ್‌ನ ಎಂಸಿವಿಯನ್ನು ಮಾತ್ರ ಇದರಿಂದ ಹೊಂದಿಸಬೇಡಿ. ಲೇಟೆಕ್ಸ್ ಗುಂಡು ಗೋಲಿಯಂತೆ ಗಟ್ಟಿ. ಕೆಂಪು ಕಣ ಮೆತ್ತಗೆ, ತೂತಿನಲ್ಲಿ ಉದ್ದಕ್ಕೆ ಎಳೆದುಕೊಂಡು ಜಾರುತ್ತದೆ. ಅಷ್ಟೇ ಗಾತ್ರದ ಗುಂಡು ಎಬ್ಬಿಸುವುದಕ್ಕಿಂತ ಸಣ್ಣ ಪಲ್ಸ್ ಎಬ್ಬಿಸುತ್ತದೆ. ಗುಂಡಿಗೆ ಹೊಂದಿಸಿದ ಮೆಷಿನ್ ಎಲ್ಲರ ಎಂಸಿವಿಯನ್ನೂ ಕಮ್ಮಿ ಹೇಳಲು ಶುರು ಮಾಡುತ್ತದೆ.

ಹಂತ 9: ಬದಲಿಸಿದ ಮೇಲೆ

ಮೂರೂ ಕಂಟ್ರೋಲ್ ಓಡಿಸಿ. ಆರನೇ ಹಂತದಲ್ಲಿ ಸೆಂಟ್ರಿಫ್ಯೂಜ್ ಮಾಡಿದಂತೆಯೇ ಹೊಸದಾಗಿ ಎರಡು ಮೂರು ತಾಜಾ ಸ್ಯಾಂಪಲ್‌ಗೂ ಮಾಡಿ ನೋಡಿ. ಕಂಟ್ರೋಲ್ ಒಪ್ಪಿ ಸೆಂಟ್ರಿಫ್ಯೂಜ್ ಒಪ್ಪದಿದ್ದರೆ ಹಳೇ ಫ್ಯಾಕ್ಟರ್ ವಾಪಸ್ ಹಾಕಿ, ಮೂರನೇ ಹಂತದಿಂದ ಮತ್ತೆ ಬನ್ನಿ. ಎಂಸಿವಿ ಸರಿದ ದಿನದಿಂದ ಹೊರಗೆ ಹೋದ ರಿಪೋರ್ಟ್‌ಗಳಲ್ಲಿ 80 ಮತ್ತು 100ರ ಗಡಿಯ ಹತ್ತಿರ ಇದ್ದವನ್ನು ಹುಡುಕಿ, ಆ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಮುಜುಗರ ಆಗುತ್ತದೆ, ಆದರೂ ಹೇಳಿ. ಮೆಷಿನ್‌ನ ಬದಿಗೆ ಒಂದು ಸ್ಟಿಕ್ಕರ್ ಅಂಟಿಸಿ: ದಿನಾಂಕ, ಹಳೇ ಫ್ಯಾಕ್ಟರ್, ಹೊಸ ಫ್ಯಾಕ್ಟರ್, ಡೈಲ್ಯುಯೆಂಟ್ ಲಾಟ್ ನಂಬರ್, ಬದಲಿಸಿದವರ ಸಹಿ.